ಹುಣಸೆಹಣ್ಣು ತಿಂದ ನಂಬರು

ಹುಣಸೆಹಣ್ಣು ನೆನೆಹಾಕಿದ ವಾಸನೆಗೆ ಎಲ್ಲರ ಬಾಯಲ್ಲೂ ನೀರೂರುತ್ತದೆ. ನನಗೆ ಮಾತ್ರ ಎದೆ ಹೊಡೆದುಕೊಳ್ಳುತ್ತದೆ. ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು. ಪೇಪರು ಹಿಡಿದು ಕೂತಿದ್ದೆ, ಅಡುಗೆಮನೆಯಿಂದ ಆ ಹುಳಿ ವಾಸನೆ ಬಂತು. ಮಹಾನವಮಿಯಲ್ಲವೇ, ಅವ್ವ ಪೂಜೆಯ ಸಾಮಾನು ತಿಕ್ಕಲು ಕೂತಿದ್ದಾಳೆ, ಅಷ್ಟೇ. ಆದರೂ ನಾನು ಎದ್ದು ಹೋಗಿ, ಗೇಟಿನಾಚೆ ನಿಂತ ಕಾರಿನ ಬಾನೆಟ್ಟು ಭದ್ರವಾಗಿ ಮುಚ್ಚಿದೆಯೋ ಇಲ್ಲವೋ ಎಂದು ಒತ್ತಿ ನೋಡಿ ಬಂದೆ. ಹೆಂಡತಿ ನಕ್ಕಳು. ನೀವೂ ನಗಬಹುದು. ಪೂರ್ತಿ ಕೇಳಿದ ಮೇಲೆ ನಕ್ಕರೆ ನನಗೇನೂ ಬೇಸರವಿಲ್ಲ.

ಅವ್ವನಿಗೆ ಹಿತ್ತಾಳೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಮದುವೆಯಾಗಿ ಹುಮನಾಬಾದಿನಿಂದ ಹೈದರಾಬಾದಿಗೆ ಬರುವಾಗ ತವರಿನವರು ಕೊಟ್ಟ ಬಿಂದಿಗೆ, ದೀಪದ ಸಮೆ, ಆರತಿ ತಟ್ಟೆ ಇವತ್ತಿಗೂ ನಿನ್ನೆ ಕೊಂಡು ತಂದಂತೆ ಹೊಳೆಯುತ್ತವೆ. ಬಾಗಿಲ ಚಿಲಕ, ಅಪ್ಪನ ಅಂಗಡಿಯ ಗಜಕಡ್ಡಿಯ ತುದಿಗಳು, ನನ್ನ ಶಾಲೆಯ ಬೆಲ್ಟಿನ ಬಕಲು, ಯಾವುದನ್ನೂ ಆಕೆ ಬಿಟ್ಟವಳಲ್ಲ. ಮನೆಗೆ ಮೊದಲ ಸಲ ಗ್ಯಾಸ್ ಒಲೆ ಬಂದಾಗ ಅದರ ಬರ್ನರುಗಳನ್ನು ಕಿತ್ತು ಹುಣಸೆಹಣ್ಣಿನಲ್ಲಿ ತಿಕ್ಕಿ, ದೇವರ ಮುಂದೆ ಇಡಲೂ ಅಡ್ಡಿಯಿಲ್ಲ ಎನ್ನುವಂತೆ ಮಾಡಿದ್ದಳು. ಒಲೆ ಆಮೇಲೆ ಎರಡು ದಿನ ಹತ್ತಿಕೊಳ್ಳಲಿಲ್ಲ.

ಹೀಗಿರುವ ಮನೆಗೆ ಒಂದು ಕಾರು ಬಂತು. ಅಪ್ಪನದು ಕೋಠಿ ಬಜಾರಿನಲ್ಲಿ ಸಣ್ಣ ಬಟ್ಟೆ ಅಂಗಡಿ. ಅಂಗಡಿಯ ಕಾಯಂ ಗಿರಾಕಿಯಾಗಿದ್ದ ಡಾಕ್ಟರೊಬ್ಬರು ಊರು ಬಿಟ್ಟು ಹೋಗುವಾಗ, ಯಾರ್ಯಾರದೋ ಕೈಗೆ ಹೋಗಿ ಹಾಳಾಗುವುದು ಬೇಡವೆಂದು ತಮ್ಮ ಗಾಡಿಯನ್ನು ಅಪ್ಪನಿಗೇ ಮಾರಿದರು. ಎರಡೇ ಬಾಗಿಲು, ಕೆನೆಮೊಸರಿನ ಬಣ್ಣ, ಗುಂಡು ಕಣ್ಣಿನ ದೀಪಗಳು. ತಯಾರಿಸಿದವರ ಹೆಸರು ಹೇಳಿದರೆ ಈಗಿನವರಿಗೆ ಗೊತ್ತಾಗುವುದಿಲ್ಲ, ಆ ಕಂಪನಿಯೇ ಈಗಿಲ್ಲ. ಬಾನೆಟ್ಟು ಎತ್ತಿದರೆ ಎಂಜಿನ್ನಿನ ಹಿಂದಿನ ಗೋಡೆಯ ಮೇಲೆ ಒಂದು ಪುಟ್ಟ ಪಟ್ಟಿ. ಹಿತ್ತಾಳೆಯದು. ಅದರ ಮೇಲೆ ಗಾಡಿಯ ಚಾಸಿ ನಂಬರು. ಅವ್ವನ ಕಣ್ಣು ಮೊದಲ ದಿನವೇ ಅದರ ಮೇಲೆ ಬಿತ್ತು.

ಆ ವರ್ಷದ ಆಯುಧಪೂಜೆಯಿಂದ, ಅವ್ವನ ಬಾಯಲ್ಲಿ ಖಂಡೇಪೂಜಿಯಿಂದ, ಮನೆಯಲ್ಲಿ ಒಂದು ಪದ್ಧತಿ ನಿಂತಿತು. ತಿಕ್ಕುವುದು ಅವ್ವನ ಕೆಲಸ, ಹಚ್ಚುವುದು ಅಪ್ಪನ ಕೆಲಸ. ಅವ್ವ ಸೆರಗು ಸಿಕ್ಕಿಸಿ, ಬಾನೆಟ್ಟಿನೊಳಗೆ ಅರ್ಧ ಮೈ ಇಳಿಸಿ, ಪಟ್ಟಿಯನ್ನು ಹುಣಸೆಹಣ್ಣಿನಿಂದ ತಿಕ್ಕಿ, ಒದ್ದೆ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಹೊಳಪು ಕೊಟ್ಟು ಹೊರಗೆ ಬರುತ್ತಿದ್ದಳು. ಆಮೇಲೆ ಅಪ್ಪ. ಬೇರೆಯವರಂತೆ ಬಾನೆಟ್ಟಿನ ಮೇಲೆ, ಗಾಜಿನ ಮೇಲೆ ಕುಂಕುಮ ಹಚ್ಚಿದರೆ ಬಣ್ಣಕ್ಕೆ ಕಲೆಯಾದೀತೆಂದು ಅಪ್ಪನಿಗೆ ಹೆದರಿಕೆ. ಹಾಗಾಗಿ ಒಳಗೆ, ಎಂಜಿನ್ನಿನ ಪಕ್ಕದ ಕಬ್ಬಿಣದ ತೊಲೆಯ ಮೇಲೆ, ಅದೇ ನಂಬರನ್ನು ಇನ್ನೊಮ್ಮೆ ಕೊರೆದಿದ್ದ ಜಾಗ ಹುಡುಕಿಕೊಂಡಿದ್ದ. ಗಾಳಿಗೆ ಹಾರಬಾರದೆಂದು ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಅಲ್ಲಿ ಹಚ್ಚುತ್ತಿದ್ದ. ಮೇಲೆ ವಿಭೂತಿ.

"ನಮಗ ಹಣಿ ಇದ್ದಂಗ ಗಾಡಿಗೆ ಇದು. ಆಜೂಬಾಜೂ ಹಚ್ಚಿದ್ರ ಏನು ಬಂತು?" ಎನ್ನುತ್ತಿದ್ದ.

ಹಿಂದಿನ ವರ್ಷದ್ದನ್ನು ತೆಗೆಯುತ್ತಿರಲಿಲ್ಲ. ಅದರ ಮೇಲೆಯೇ ಹೊಸದು. ವರ್ಷದಿಂದ ವರ್ಷಕ್ಕೆ ಅವ್ವನ ಪಟ್ಟಿ ತೆಳ್ಳಗಾಯಿತು, ಅಪ್ಪನ ಕುಂಕುಮ ದಪ್ಪಗಾಯಿತು. ನಾವು ಮಕ್ಕಳು ಕೊಬ್ಬರಿ ಚೂರಿಗೆ ಕೈಚಾಚಿ ನಿಂತಿರುತ್ತಿದ್ದೆವು, ಇದನ್ನೆಲ್ಲ ಯಾರು ಗಮನಿಸಬೇಕು?

ಅಪ್ಪನ ಹೆದರಿಕೆಯ ಮಾತು ಬಂತಲ್ಲ, ಅದನ್ನು ಸ್ವಲ್ಪ ಹೇಳಿಬಿಡುತ್ತೇನೆ. ನಮ್ಮ ಮನೆತನಕ್ಕೆ ಹೊಲವಿಲ್ಲ, ಬಂಗಾರವಿಲ್ಲ. ಇರುವ ಆಸ್ತಿ ಅದೊಂದೇ, ಅದು ಪೂರ್ತಿಯಾಗಿ ನನಗೇ ಬಂದಿದೆ. ಪೊಲೀಸಿನವನ ಸೀಟಿ ಕೇಳಿದರೆ ಅಪ್ಪ ಕಾರು ನಿಲ್ಲಿಸುತ್ತಿದ್ದ. ನಡೆದು ಹೋಗುತ್ತಿದ್ದರೂ ನಿಲ್ಲುತ್ತಿದ್ದ. ಕಾರಿನ ಕಾಗದಗಳಿಗೆಂದೇ ಅಂಗಡಿಯ ಬಟ್ಟೆಯಲ್ಲಿ ಒಂದು ಚೀಲ ಹೊಲಿಸಿದ್ದ, ಅದು ಇಲ್ಲದೆ ಗಲ್ಲಿಯ ತಿರುವು ದಾಟುತ್ತಿರಲಿಲ್ಲ. ಗಾಡಿ ಹೊಡೆಯುವಾಗ ಪಾಲಿಶ್ ಮಾಡಿದ ಬೂಟು ಹಾಕುತ್ತಿದ್ದ. ಬೂಟು ನೋಡಿದರೆ ಮನುಷ್ಯ ಸಭ್ಯ ಎಂದು ಗೊತ್ತಾಗಿ ಬಿಟ್ಟುಬಿಡುತ್ತಾರೆಂದು ಅವನ ಲೆಕ್ಕ. ಕಾರಿನೊಳಗೆ ಕೂತವನ ಬೂಟು ಪೊಲೀಸಿನವನಿಗೆ ಹೇಗೆ ಕಾಣಬೇಕು ಎಂದು ನಾನು ಕೇಳಲಿಲ್ಲ. ನಾನು ಸ್ಕೂಟರ್ ಕಲಿತಾಗ ನನಗೂ ಹಾಗೇ ಅನ್ನಿಸಿತ್ತು.

ಎಡಗಡೆ ಸೀಟಿನಲ್ಲಿ ಅವ್ವ. ಆಕೆಗೆ ಹೆದರಿಕೆ ಬೇರೆ ಥರ. ಕೋಠಿಯ ಗದ್ದಲದಲ್ಲಿ ಆಟೋ ಅಡ್ಡ ಬಂದರೆ, ಎಮ್ಮೆ ಅಡ್ಡ ಬಂದರೆ ಆಕೆ ಬಲಗಾಲಿನಿಂದ ನೆಲವನ್ನು ಜೋರಾಗಿ ಒತ್ತುತ್ತಿದ್ದಳು. ಅಲ್ಲಿ ಬ್ರೇಕು ಇಲ್ಲವೆಂದು ಅಪ್ಪ ಎಷ್ಟು ಸಲ ಹೇಳಿದರೂ ಕೇಳುತ್ತಿರಲಿಲ್ಲ.

"ನೀವು ಹಿಡೀರಿ ಬಿಡ್ರಿ, ನಂದು ನಾ ಹಿಡೀತೀನಿ" ಎನ್ನುತ್ತಿದ್ದಳು. ಎಡಗಡೆಯ ರಬ್ಬರ್ ಹಾಸು ಆಕೆಯ ಹಿಮ್ಮಡಿ ಊರುವ ಜಾಗದಲ್ಲಿ ಸವೆದು ತೂತಾಗಿದೆ. ಮಹಾನವಮಿಯ ದಿನ ಪೂಜೆ ಮುಗಿಸಿ, ನಿಂಬೆಹಣ್ಣಿನ ಮೇಲೆ ಚಕ್ರ ಹಾಯಿಸಿ, ಇಬ್ಬರೂ ಒಂದು ಸುತ್ತು ಹೋಗಿ ಬರುತ್ತಿದ್ದರು. ಹೆದರಿಕೊಂಡೇ ಹೋಗಿ ಹೆದರಿಕೊಂಡೇ ಬರುತ್ತಿದ್ದರು. ಅದಕ್ಕಿಂತ ಸುಖವಾಗಿ ಅವರು ಎಲ್ಲಿಗಾದರೂ ಹೋದದ್ದನ್ನು ನಾನು ಕಂಡಿಲ್ಲ.

ಅಪ್ಪ ಹೋದ ಮೇಲೆ ಕಾರು ಗೇಟಿನಾಚೆ ನಿಂತೇ ಇತ್ತು. ಆಗೀಗ ನಾನೇ ಎಂಜಿನ್ ಚಾಲೂ ಮಾಡಿ ಬಂದ್ ಮಾಡುತ್ತಿದ್ದೆ. ಅವ್ವ ಬಾನೆಟ್ಟಿನ ಮೇಲೆ ಹಾಸಿ ಸಂಡಿಗೆ ಒಣಗಿಸುತ್ತಿದ್ದಳು. ಮಹಾನವಮಿ ಬಂದರೆ ತಪ್ಪದೆ ಪಟ್ಟಿ ತಿಕ್ಕುತ್ತಿದ್ದಳು, ಕುಂಕುಮ ಹಚ್ಚುವವರು ಮಾತ್ರ ಇರಲಿಲ್ಲ. ಗಾಡಿಯ ರಿಜಿಸ್ಟ್ರೇಷನ್ ಅವಧಿ ಅಪ್ಪನ ಕಾಯಿಲೆಯ ಗಡಿಬಿಡಿಯಲ್ಲೇ ಮುಗಿದಿತ್ತು. ಒಂದು ದಿನ ಎದುರು ಮನೆಯವರ ಹಳೆಯ ವ್ಯಾನಿಗೆ ಒಂದು ಚೀಟಿ ಅಂಟಿತು. ರಸ್ತೆಯಲ್ಲಿ ಬಿಟ್ಟಿರುವ, ಕಾಗದ ಸರಿಯಿಲ್ಲದ ಗಾಡಿಗಳನ್ನು ಎತ್ತುತ್ತಾರಂತೆ. ಆ ವಾರವೇ ಕ್ರೇನು ಬಂತು. ವ್ಯಾನು ಗಾಳಿಯಲ್ಲಿ ತೂಗುವಾಗ ಅದರ ಒಂದು ಬಾಗಿಲು ತಾನಾಗಿ ತೆರೆದುಕೊಂಡು ಪಟಪಟ ಬಡಿಯಿತು. ಅವ್ವ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು. ಸಂಜೆ ನೋಡಿದರೆ ನಮ್ಮ ಕಾರಿನ ಎಡಗಡೆ ಸೀಟಿನಲ್ಲಿ ಹೋಗಿ ಕೂತಿದ್ದಳು.

ನಾನು ಅಲ್ಲಿ ಇಲ್ಲಿ ವಿಚಾರಿಸಿದೆ. ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯಲ್ಲಿ ನಾನು ಲೆಕ್ಕ ಬರೆಯುತ್ತಿದ್ದಾಗ ಜೊತೆಗಿದ್ದವರೊಬ್ಬರು ದಾರಿ ತೋರಿಸಿದರು. ಐವತ್ತು ವರ್ಷ ದಾಟಿದ ಗಾಡಿ, ಮೂಲ ರೂಪದಲ್ಲೇ ಇದ್ದರೆ, ಅದನ್ನು ವಿಂಟೇಜ್ ಎಂದು ದಾಖಲು ಮಾಡುತ್ತಾರೆ. ಆಮೇಲೆ ಯಾರೂ ಗುಜರಿ ಎನ್ನುವಂತಿಲ್ಲ. ದಿನಬಳಕೆಗೆ ಓಡಿಸುವಂತಿಲ್ಲ, ಪ್ರದರ್ಶನಕ್ಕೆ, ರಿಪೇರಿಗೆ, ಪೆಟ್ರೋಲು ಹಾಕಿಸಲು ಮಾತ್ರ ರಸ್ತೆಗೆ ತರಬಹುದು. ನಮಗೆ ಅಷ್ಟು ಸಾಕಿತ್ತು. ಅಪ್ಪನ ಚೀಲದಲ್ಲಿ ಎಲ್ಲ ಕಾಗದ ಇದ್ದವು. ಅರ್ಜಿ ಹಾಕಿದೆ. ಗಾಡಿ ತಂದು ಸಮಿತಿಯ ಮುಂದೆ ತೋರಿಸಿ, ಚಾಸಿ ನಂಬರು ತಾಳೆ ನೋಡುತ್ತೇವೆ ಎಂದರು. ಇಷ್ಟೇ ಅಲ್ಲವೇ ಎಂದು ಹಗುರಾಗಿ ಮನೆಗೆ ಬಂದು ಬಾನೆಟ್ಟು ಎತ್ತಿದೆ.

ಪಟ್ಟಿಯ ಮೇಲೆ ನಂಬರು ಇರಲಿಲ್ಲ. ನನ್ನ ಮುಖ ಇತ್ತು. ಅವ್ವ ಅಷ್ಟು ವರ್ಷ ತಿಕ್ಕಿ ತಿಕ್ಕಿ ಅದನ್ನು ಕನ್ನಡಿ ಮಾಡಿಟ್ಟಿದ್ದಳು. ಬೆರಳಾಡಿಸಿದೆ, ಬೆಣ್ಣೆಯಷ್ಟು ನುಣುಪು. ಓರೆಯಾಗಿ ನೋಡಿದರೆ ಒಂದು ಅಂಕಿಯ ಬಾಲ ಕಂಡಂತಾಗುತ್ತಿತ್ತು, ಮತ್ತೆ ನೋಡಿದರೆ ಇಲ್ಲ.

ಎಂಜಿನ್ ನೋಡಲು ಬಂದಿದ್ದ ಮೆಕ್ಯಾನಿಕ್ ಖಾಜಾಭಾಯ್ ಪಟ್ಟಿ ನೋಡಿದವನೇ ಒಂದು ಹೆಜ್ಜೆ ಹಿಂದೆ ಸರಿದ. "ನಂಬರ್ ಘಿಸ್ ದಿಯೇ ಸಾಬ್? ಚೋರಿ ಕೆ ಗಾಡಿಯಾಂ ಕು ಐಸಾ ಘಿಸ್ತೇ" ಎಂದ. ಕದ್ದ ಗಾಡಿಯ ನಂಬರನ್ನು ಹೀಗೆ ಉಜ್ಜಿ ಅಳಿಸುತ್ತಾರಂತೆ.

ಅಲ್ಲಿಯವರೆಗೆ ನನಗೆ ಕಾರು ಹೋದೀತೆಂಬ ಹೆದರಿಕೆ ಇತ್ತು. ಈಗ ಹೆದರಿಕೆಗೆ ಅಪ್ಪನ ಮುಖ ಬಂತು. ನಡೆದು ಹೋಗುವಾಗಲೂ ಸೀಟಿಗೆ ನಿಲ್ಲುತ್ತಿದ್ದ ಮನುಷ್ಯ, ಸತ್ತ ಮೇಲೆ ಕಳ್ಳನಾಗಬೇಕೇ? ಉಳಿದ ದಾರಿ ಒಂದೇ, ತೊಲೆಯ ಮೇಲಿನ ನಂಬರು. ಅಲ್ಲಿ ನೋಡಿದರೆ ಅಂಗೈ ಅಗಲದ ಕೆಂಪು ಹೆಪ್ಪು. ಖಾಜಾಭಾಯ್ ತಂತಿಯ ಬ್ರಷ್ ತೆಗೆದ. ಗೇಟಿನಲ್ಲಿ ನಿಂತಿದ್ದ ಅವ್ವ ಕೂಗಿದಳು.

"ಏ ಮುಟ್ಟಬ್ಯಾಡಪಾ ಅದನ್ನ! ಅವರು ಹಚ್ಚಿದ್ದದು."

ಖಾಜಾಭಾಯ್ ಬ್ರಷ್ ಚೀಲಕ್ಕೆ ಹಾಕಿಕೊಂಡು, ತನಗೂ ತಾಯಿಯಿದ್ದಾಳೆ ಎನ್ನುವಂತೆ ನನ್ನನ್ನು ನೋಡಿ ಹೋದ. ನಂಬರು ಯಾಕೆ ಬೇಕೆಂದು ಅವ್ವನಿಗೆ ಹೇಳಬೇಕಾದರೆ ಪಟ್ಟಿ ಹಾಳಾದದ್ದು ಹೇಗೆಂದೂ ಹೇಳಬೇಕು. ಅದು ನನ್ನಿಂದಾಗಲಿಲ್ಲ. ಆಕೆ ಮಲಗಿದ್ದ ಒಂದು ಮಧ್ಯಾಹ್ನ ನಾನೇ ಹೆಪ್ಪು ಕೆರೆಯಲೆಂದು ಚಮಚ ಹಿಡಿದುಕೊಂಡು ಹೋದೆ. ಬಗ್ಗಿದೆ. ಕೈ ಮುಂದೆ ಹೋಗಲಿಲ್ಲ. ಅಪ್ಪ ಹೋದ ದಿನ ಹೆಂಗಸರು ಅವ್ವನನ್ನು ಒಳಗೆ ಕರೆದೊಯ್ದು ಹಣೆ ಒರೆಸಿದ್ದರು. ಬಳೆ ಒಡೆದ ಸಪ್ಪಳ ಹೊರಗಿದ್ದ ನಮಗೆ ಕೇಳಿತ್ತು. ತಿರುಗಿ ಬಂದವಳ ಮುಖ ನೋಡಲು ನನಗೆ ಹೆದರಿಕೆಯಾಗಿತ್ತು, ಎಷ್ಟೋ ದಿನ ಆಕೆಯ ಕಾಲು ನೋಡುತ್ತ ಮಾತಾಡಿದ್ದೆ. ಚಮಚ ತಂದು ಅಡುಗೆಮನೆಯಲ್ಲಿಟ್ಟು ತೊಳೆದೆ.

ತಪಾಸಣೆಯ ದಿನ ಅವ್ವ ಇಳಕಲ್ ಸೀರೆ ಉಟ್ಟು, ಕೈಚೀಲ ಹಿಡಿದು ಮೊದಲೇ ಎಡಗಡೆ ಕೂತಿದ್ದಳು. ಬರಬೇಡ ಎಂದೆ. "ನಾ ಬರಲಿಲ್ಲಂದ್ರ ಬ್ರೇಕು ಯಾರು ಹಿಡೀಬೇಕು?" ಎಂದಳು. ಗಾಡಿ ಹೊರಟಿತು. ನನ್ನ ಕಾಲಿನಲ್ಲಿ ಅಪ್ಪನ ಬೂಟು ಇದ್ದವು, ಹೌದು, ಪಾಲಿಶ್ ಮಾಡಿದ್ದೆ. ಫ್ಲೈಓವರಿನ ಮೇಲೆ ದೊಡ್ಡ ದೊಡ್ಡ ಗಾಡಿಗಳು ಹಾರ್ನ್ ಹೊಡೆಯುತ್ತ ಪಕ್ಕದಲ್ಲೇ ಹಾಯ್ದು ಹೋಗುತ್ತಿದ್ದವು. ಕೆಲವರು ಮೊಬೈಲಿನಲ್ಲಿ ಫೋಟೋ ಹೊಡೆದರು. ಕಳ್ಳನ ಫೋಟೋ ಎಂದೇ ನನಗೆ ಅನ್ನಿಸುತ್ತಿತ್ತು.

ಸಾರಿಗೆ ಕಚೇರಿಯ ಬಯಲಿನಲ್ಲಿ ಮೂವರು ಬಂದು ಗಾಡಿ ಸುತ್ತಿದರು. ಇಬ್ಬರು ಗಂಡಸರು ಬಾಗಿಲು ಬಡಿದು, ಚಕ್ರ ನೋಡಿ, ಚಲೋ ಉಳಿದಿದೆ ಎಂದು ಮೆಚ್ಚಿಕೊಂಡರು. ಮೂರನೆಯವರು ಕನ್ನಡಕ ಹಾಕಿದ್ದ ಒಬ್ಬ ಅಧಿಕಾರಿಣಿ. ಅವರೇನೂ ಮೆಚ್ಚಿಕೊಳ್ಳಲಿಲ್ಲ. ಬಾನೆಟ್ಟು ಎತ್ತಿಸಿ, ಬಗ್ಗಿ ಪಟ್ಟಿ ನೋಡಿದರು. ಕನ್ನಡಕ ತೆಗೆದು ಮತ್ತೆ ನೋಡಿದರು.

"ನಂಬರು ಎವರು ಗೀಕೇಶಾರು?"

ಯಾರು ಕೆರೆದು ತೆಗೆದದ್ದು ಎಂದು ಕೇಳಿದರು. ನಾನು ಅಪ್ಪನ ಚೀಲದಿಂದ ಕಾಗದ ತೆಗೆಯತೊಡಗಿದೆ. ಅವ್ವನಿಗೆ ತೆಲುಗು ಪೂರಾ ತಿಳಿಯುತ್ತದೆ, ಆಡುವುದು ಮಾತ್ರ ಕನ್ನಡವನ್ನೇ. ಈ ಊರಲ್ಲಿ ಆಕೆಯ ಜೀವನ ಅಷ್ಟರಲ್ಲೇ ನಡೆದಿದೆ. ಕಾರಿನೊಳಗಿನಿಂದಲೇ ತಲೆ ಹೊರಗೆ ಹಾಕಿದಳು.

"ನಾನೇ ತಿಕ್ಕೀನ್ರಿ. ಪ್ರತಿ ವರ್ಸ ಖಂಡೇಪೂಜಿಗೆ ಹುಣಸಿಹಣ್ಣು ಹಚ್ಚಿ ತಿಕ್ಕೀನಿ. ಎಷ್ಟು ಚಂದ ಹೊಳಿಯಾಕತ್ತೈತಿ ನೋಡ್ರಿ!"

"ಚಿಂತಪಂಡುತೋನಾ?" ಎಂದರು ಅಧಿಕಾರಿಣಿ. ಹುಣಸೆಹಣ್ಣಿನಿಂದಲೇ? ಇಬ್ಬರು ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಗಲಿಲ್ಲ. ಅಧಿಕಾರಿಣಿ ನನ್ನ ಕಡೆ ತಿರುಗಿ ಮೆಲ್ಲಗೆ, ತೊಲೆಯ ಮೇಲಿನ ನಂಬರೂ ಕಾಣದಿದ್ದರೆ ತಾವು ಸುಮ್ಮನಿರುವಂತಿಲ್ಲ, ಪೊಲೀಸರಿಗೆ ತಿಳಿಸಲೇಬೇಕಾಗುತ್ತದೆ ಎಂದರು. ಒಬ್ಬ ಸಿಬ್ಬಂದಿ ಬ್ರಷ್ ತಂದ. ಪೊಲೀಸ್ ಎಂಬ ಮಾತು ಅವ್ವನಿಗೂ ಕೇಳಿತ್ತು. ಬಾಗಿಲು ತೆರೆದು, ಮಂಡಿ ಹಿಡಿದುಕೊಂಡು ಇಳಿದು ಬಂದಳು. ಪಟ್ಟಿಯನ್ನು ನೋಡಿದಳು, ಆ ಕೆಂಪು ಹೆಪ್ಪನ್ನು ನೋಡಿದಳು, ನನ್ನ ಮುಖ ನೋಡಿದಳು. ಎಲ್ಲ ತಿಳಿಯಿತೆಂದು ನನಗೆ ಗೊತ್ತಾಯಿತು.

"ತಡೀರಿ" ಎಂದಳು ಬ್ರಷ್ ಹಿಡಿದವನಿಗೆ. "ನನ್ನ ಹಣೀದು ಒರಸೂ ಮುಂದ ಯಾರೂ ನನ್ನ ಕೇಳಲಿಲ್ಲ. ಇದರದು ನಾನೇ ಒರಸ್ತೀನಿ."

ನಾನು ಯಾರಿಗೂ ಅನುವಾದ ಮಾಡಿ ಹೇಳಲಿಲ್ಲ. ಅಧಿಕಾರಿಣಿ ಕೈ ತೋರಿಸಿ ಬ್ರಷ್ಷಿನವನನ್ನು ಹಿಂದೆ ಸರಿಸಿದರು.

ಅವ್ವ ಕೈಚೀಲದಿಂದ ಮಂಡಿಗೆ ಹಚ್ಚುವ ಕೊಬ್ಬರಿ ಎಣ್ಣೆಯ ಶೀಶೆ ತೆಗೆದಳು. ಹೆಪ್ಪಿನ ಮೇಲೆ ಸುರಿದಳು, ಬೆರಳಿನಿಂದ ಮೆಲ್ಲಗೆ ತಿಕ್ಕಿದಳು, ಸೆರಗಿನ ತುದಿಯಿಂದ ಒರೆಸಿದಳು. ಮತ್ತೆ ಎಣ್ಣೆ, ಮತ್ತೆ ಸೆರಗು. ಅವಸರವಿಲ್ಲ. ಬಿಸಿಲಿನಲ್ಲಿ ನಾಲ್ಕು ಜನ ಸರಕಾರದವರು ಕಾಯುತ್ತ ನಿಂತಿದ್ದರು. ಕೆಂಪು ಎಣ್ಣೆ ತೊಲೆಯಿಂದ ಇಳಿದು ಅಪ್ಪನ ಬೂಟಿನ ಪಕ್ಕದಲ್ಲಿ ಮಣ್ಣಿಗೆ ಬೀಳುತ್ತಿತ್ತು. ಕೆಳಗಿನಿಂದ ಬರೀ ತುಕ್ಕು ಬಂದರೆ? ಡಾಕ್ಟರೇ ಏನಾದರೂ ಮೋಸ ಮಾಡಿದ್ದು, ಬೇರೆಯೇ ನಂಬರು ಬಂದರೆ? ಅಪ್ಪ ಅಷ್ಟು ವರ್ಷ ಪೂಜೆ ಮಾಡಿದ್ದು ಯಾರದೋ ಕದ್ದ ಗಾಡಿಯ ಹಣೆಗಾಗಿದ್ದರೆ? ನಾನು ಕಣ್ಣು ಮುಚ್ಚಿದೆ.

"ಎರಡು... ಆಮ್ಯಾಲ ಸೊನ್ನಿ" ಎಂದಳು ಅವ್ವ.

ಕಣ್ಣು ತೆರೆದೆ. ಅಷ್ಟು ವರ್ಷದ ಎಣ್ಣೆ ಕುಂಕುಮ ಒಂದು ಚುಕ್ಕೆ ತುಕ್ಕನ್ನೂ ಒಳಗೆ ಬಿಟ್ಟಿರಲಿಲ್ಲ. ಅಂಕಿಗಳು ನಿನ್ನೆ ಕೊರೆದಂತೆ ಎದ್ದು ಬಂದವು. ಅವ್ವ ಒಂದೊಂದಾಗಿ ಓದಿದಳು, ಅಧಿಕಾರಿಣಿ ಅಪ್ಪನ ಕಾಗದದ ಮೇಲೆ ಬೆರಳಿಟ್ಟುಕೊಂಡು ಒಂದೊಂದಾಗಿ ನೋಡಿದರು. ಕೊನೆಯದು ಮುಗಿದ ಮೇಲೆ "ಸರಿಪೋಯಿಂದಿ" ಎಂದರು, ತಾಳೆಯಾಯಿತು ಎಂದು. ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದರು. ಕಪ್ಪಗೆ ಬರಬೇಕಾದ ಅಚ್ಚು ಅಂಚಿನಲ್ಲೆಲ್ಲ ಕೆಂಪಾಗಿ ಬಂತು. ಅದನ್ನು ಹಾಗೆಯೇ ಫೈಲಿಗೆ ಅಂಟಿಸಿದರು.

"ಇನ್ನ ಮ್ಯಾಲ ಇದಕ್ಕ ಕುಂಕುಮ ಹಚ್ಚಬಾರದೇನ್ರಿ?" ಎಂದು ಅವ್ವ ಕೇಳಿದಳು.

"ನಂಬರು ಪಕ್ಕನ ಪೆಟ್ಟಂಡಮ್ಮಾ." ಪಕ್ಕದಲ್ಲಿ ಇಡಿ ಎಂದು ಹೇಳಿ, ಅಧಿಕಾರಿಣಿ ಆಗ ಮೊದಲ ಸಲ ನಕ್ಕರು.

ತಿರುಗಿ ಬರುವಾಗ ಅವ್ವ ಎಡಗಾಲ ಮೇಲೆ ಬಲಗಾಲು ಹಾಕಿಕೊಂಡು ಸುಮ್ಮನೆ ಕೂತಿದ್ದಳು. ಬ್ರೇಕು ಹಿಡಿಯಲಿಲ್ಲ. ಅದು ನನಗೆ ಇನ್ನೂ ಹೆದರಿಕೆ ಹುಟ್ಟಿಸಿತು. ಕೋಠಿ ದಾಟಿದ ಮೇಲೆ, "ಅಷ್ಟು ತಿಕ್ಕಬಾರದಿತ್ತೇನು?" ಎಂದಳು. "ಹಾಂಗೇನಿಲ್ಲವ್ವ" ಎಂದೆ. ಸೆರಗಿನ ಕೆಂಪು ಆಮೇಲೆ ಎಷ್ಟು ಒಗೆದರೂ ಹೋಗಲಿಲ್ಲ, ಅಥವಾ ಆಕೆ ಅದನ್ನು ಒಗೆಯಲೇ ಇಲ್ಲ.

ಇದು ಬೇಸಿಗೆಯ ಮಾತು. ಮಂಜೂರಾದ ಕಾಗದ ಅಪ್ಪನ ಚೀಲದಲ್ಲಿದೆ. ಈಗ ನಮ್ಮ ಗಾಡಿ ಸರಕಾರದ ಲೆಕ್ಕದಲ್ಲಿ ಇತಿಹಾಸ, ಕ್ರೇನಿನವರು ಮುಟ್ಟುವಂತಿಲ್ಲ. ಆದರೂ ಹುಣಸೆಹಣ್ಣಿನ ವಾಸನೆಗೆ ನನ್ನ ಎದೆ ಸುಮ್ಮನಿರದು.

ಇಷ್ಟು ಹೇಳುವಷ್ಟರಲ್ಲಿ ಅವ್ವ ಕರೆದಳು. ಹೋದೆ. ಆಕೆಯ ಕೈಯಲ್ಲಿ ಹುಣಸೆಹಣ್ಣು ಇರಲಿಲ್ಲ, ಕುಂಕುಮ ಕಲಸಿದ ಬಟ್ಟಲಿತ್ತು. "ಬಾನೆಟ್ಟು ಎತ್ತು. ಈ ವರ್ಸ ತಿಕ್ಕೂದಿಲ್ಲ. ನೀ ಹಚ್ಚು" ಎಂದಳು. ಬಗ್ಗಿ, ನಂಬರನ್ನು ಬಿಟ್ಟು ಪಕ್ಕದಲ್ಲಿ ಹಚ್ಚಿದೆ. ಸ್ವಲ್ಪ ಸೊಟ್ಟಗಾಯಿತು. ಬಟ್ಟಲಲ್ಲಿ ಇನ್ನೂ ಉಳಿದಿತ್ತು, ಗಿಡದ ಬುಡಕ್ಕೆ ಹಾಕೋಣವೆಂದು ಹೊರಟೆ.

"ಎದಕ್ಕ ಚೆಲ್ತಿ? ದಂಡ ಆಗ್ತೈತಿ."

ಬಟ್ಟಲು ಇಸಿದುಕೊಂಡಳು. ಬಟ್ಟೆ ಅಂಗಡಿಯವನ ಹೆಂಡತಿ, ತುಂಡು ಬಟ್ಟೆಯನ್ನೂ ದಂಡ ಮಾಡಿದವಳಲ್ಲ. ಉಂಗುರದ ಬೆರಳು ಅದ್ದಿ, ಬಾನೆಟ್ಟಿನೊಳಗೆ ಬಗ್ಗಿ, ತಾನೇ ಕನ್ನಡಿ ಮಾಡಿಟ್ಟ ಆ ಪಟ್ಟಿಯಲ್ಲಿ ಮುಖ ನೋಡಿಕೊಂಡಳು. ಎದುರು ಮನೆಯ ಹೆಂಗಸರು ರಂಗೋಲಿ ಬಿಟ್ಟು ಎದ್ದು ನಿಂತಿದ್ದರು. ನನಗೆ ಒಳಗೆ ಓಡಿಹೋಗಬೇಕೆನಿಸಿತು. ಓಡಲಿಲ್ಲ. ಅವ್ವ ನೆಟ್ಟಗಾಗಿ ನನ್ನ ಕಡೆ ತಿರುಗಿದಳು.

"ನಡುವ ಐತೇನು?"

ಆಕೆಯ ಹಣೆಯನ್ನು, ಮುಖವನ್ನು ಪೂರ್ತಿ ನೋಡಿದೆ. "ಐತಿ" ಎಂದೆ.

"ಹಂಗಾರ ನಡಿ. ಪೆಟ್ರೋಲ್ ಹಾಕಸ್ಕೊಂಡ್ ಬರೂಣು. ಅದಕ್ಕೇನು ಯಾರೂ ಬ್ಯಾಡನ್ನಂಗಿಲ್ಲ."

ಎಡಗಡೆ ಬಾಗಿಲು ತೆರೆದು ಹಿಡಿದೆ. ಅವ್ವ ಹತ್ತಿ ಕೂತು, ರಬ್ಬರ್ ಹಾಸಿನ ತೂತಿನಲ್ಲಿ ಹಿಮ್ಮಡಿ ಊರಿದಳು. ನಾನು ಬೂಟು ಹಾಕಿಕೊಳ್ಳಲು ಮರೆತು, ಬರಿಗಾಲಲ್ಲೇ ಗಾಡಿ ಹೊರಡಿಸಿದೆ.